ಗೋಡೆಯೊಳಗಿನ ಹನ್ನೊಂದು ಮೀಟರ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆ ಹೇಳಲು ನಾನು ಪೊಲೀಸಿನವಳಲ್ಲ, ವಕೀಲೆಯಲ್ಲ. ವಿಮಾ ಕಂಪನಿಯ ಒಬ್ಬ ಸರ್ವೇಯರ್. ಎಲೆಕ್ಟ್ರಿಕಲ್ ಡಿಪ್ಲೊಮಾವನ್ನು ಸಂಜೆ ತರಗತಿಯಲ್ಲಿ ಆರು ವರ್ಷ ಎಳೆದೆ, ಅದೂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು. ಆದರೆ ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದು. ನನ್ನ ತಪ್ಪನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದು ಸರಿ ಕಾಣಲಿಲ್ಲ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಆ ಮನೆಯ ಮೀಟರ್ ಬೋರ್ಡಿನ ಕೆಳಗೆ ಮಂಡಿಯೂರಿ ಕೂತಿದ್ದೆ. ಮಂಡಿ ನೋಯುತ್ತಿತ್ತು. ಕಾರು ಚಾರ್ಜರಿನ ಲೈನಿನ ಬ್ರೇಕರನ್ನು ಪೊಲೀಸರು ಭಾನುವಾರವೇ ಕಿತ್ತುಕೊಂಡು ಹೋಗಿದ್ದರೂ ಟೆಸ್ಟರ್ ಹಿಡಿದು ಮೂರು ಸಲ ನೋಡಿಕೊಂಡೆ. ನಾನು ಹಾಗೆಯೇ. ಮನೆಗೆ ಬೀಗ ಹಾಕಿ ಬೀದಿ ತುದಿಯಿಂದ ವಾಪಸ್ ಬಂದು ಬೀಗ ಜಗ್ಗಿ ನೋಡುವವಳು.

ಆ ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಕಾರು ಚಾರ್ಜ್ ಮಾಡುವ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗೆ ಕೈಯಿಟ್ಟು ಈ ಮನೆಯ ಹಿರಿಯಣ್ಣ ತೀರಿಕೊಂಡಿದ್ದರು. ಪೆಟ್ಟಿಗೆ ಹಾಕಿಕೊಟ್ಟ ವೈರಿಂಗ್ ಮೇಸ್ತ್ರಿ ಸೋಮವಾರದಿಂದ ಲಾಕಪ್ಪಿನಲ್ಲಿದ್ದರು.

ಅವರನ್ನು ಒಳಗೆ ಹಾಕಿಸಿದ್ದು ಸೋಮವಾರ ಕೊಟ್ಟ ಮೊದಲ ವರದಿಯಲ್ಲಿನ ನನ್ನ ಒಂದು ಸಾಲು. ‘ಬಿಲ್ಲಿನಲ್ಲಿ ಕೇಬಲ್ ಇಪ್ಪತ್ತೊಂಬತ್ತು ಮೀಟರ್, ಗೋಡೆಯ ಮೇಲೆ ಅಳತೆ ಹದಿನೆಂಟು, ಹನ್ನೊಂದು ಮೀಟರ್ ಹೆಚ್ಚು ಬರೆಯಲಾಗಿದೆ.’ ಕೇಬಲ್ಲಿನಲ್ಲಿ ಮೋಸ ಮಾಡಿದವನು ಕೆಲಸದಲ್ಲೂ ಮೋಸ ಮಾಡಿರುತ್ತಾನೆ ಎಂದು ಪೊಲೀಸರು ಅದರ ಮೇಲೆ ಕೇಸು ಕಟ್ಟಿದರು. ಇವತ್ತು ಸಂಜೆ ಐದಕ್ಕೆ ನನ್ನ ಪೂರ್ತಿ ವರದಿ ಹೋಗಬೇಕು. ಅದರಲ್ಲೂ ಆ ಸಾಲಿದ್ದರೆ ಮೇಸ್ತ್ರಿಯ ಲೈಸೆನ್ಸ್ ಹೋಗುತ್ತದೆ, ಆಮೇಲೆ ಜೈಲು. ಬೆಳಿಗ್ಗೆ ಆಫೀಸಿನ ಬೆಂಚಿನ ಮೇಲೆ ಮೇಸ್ತ್ರಿಯ ಹೆಂಡತಿ ಆ ಲೈಸೆನ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

"ಎಷ್ಟು ಸಲ ಅಂತ ಅಳೀತೀರಾ ಮೇಡಂ? ಅಳೆದಷ್ಟೂ ಗೋಡೆ ಉದ್ದ ಆಗುತ್ತಾ?"

ಹಿರಿಯಣ್ಣನ ಹೆಂಡತಿ. ಪೋರ್ಟಿಕೋದ ಮೆಟ್ಟಿಲ ಮೇಲೆ, ಕಾರಿಗೆ ಬೆನ್ನು ಮಾಡಿ ಕೂತಿದ್ದರು. ಮೂರು ದಿನದಿಂದ ಅಲ್ಲಿಯೇ ಕೂತಂತಿತ್ತು.

"ಇವತ್ತು ಗೋಡೆ ಅಳೀತಿಲ್ಲ ಅಕ್ಕಾ. ಕೇಬಲ್ ಓದ್ತಿದ್ದೀನಿ."

"ಕೇಬಲ್ಲಲ್ಲಿ ಓದೋಕೆ ಏನಿದೆ?"

ಇತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಗಿತ್ತು, ನೆನಪಾದ ಮೇಲೆ ಬಾಯಿ ಮುಕ್ಕಳಿಸಲೂ ಕೈ ಬರಲಿಲ್ಲ. ಒಳ್ಳೆಯ ಕೇಬಲ್ಲಿನ ಮೈಮೇಲೆ ಮೀಟರಿಗೊಂದು ಅಂಕಿ ಅಚ್ಚಾಗಿರುತ್ತದೆ. ಅಂಗಡಿಯವನು ಸುರುಳಿಯಿಂದ ಕತ್ತರಿಸುವಾಗ ಅದನ್ನೇ ನೋಡುತ್ತಾನೆ. ಗೋಡೆಯೊಳಗೆ ಏನು ನಡೆದಿದೆಯೆಂದು ತಿಳಿಯಲು ಗೋಡೆ ಒಡೆಯಬೇಕಾಗಿಲ್ಲ. ಎರಡು ತುದಿ ಓದಿ ಕಳೆದರೆ ಸಾಕು. ಸಂಜೆ ತರಗತಿಯ ಮೇಷ್ಟರು ಮೊದಲ ತಿಂಗಳೇ ಹೇಳಿಕೊಟ್ಟಿದ್ದರು. ನಾನು ಟೇಪು ಹಿಡಿದು ಗೋಡೆಯ ಹೊರಗೆ ಅಳೆದಿದ್ದೆ.

ಮೀಟರ್ ಬೋರ್ಡಿನ ತುದಿ: ಮುನ್ನೂರ ಹದಿನಾರು.

ಪೋರ್ಟಿಕೋಗೆ ಬಂದು ಚಾರ್ಜರ್ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟೆ. ಮಸಿ ಇರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಕರೆಂಟು ಕೆಲವೊಮ್ಮೆ ಗುರುತೇ ಬಿಡದೆ ಕೆಲಸ ಮುಗಿಸುತ್ತದೆ. ಬಟ್ಟೆಯಿಂದ ಕೇಬಲ್ ಒರೆಸಿದೆ.

ಮುನ್ನೂರ ನಲವತ್ತೈದು.

ಕಾಗದದ ಮೇಲೆ ಕಳೆದೆ. ಆಮೇಲೆ ಬೆರಳು ಮಡಚಿಯೂ ಎಣಿಸಿದೆ. ಇಪ್ಪತ್ತೊಂಬತ್ತು.

ಮೇಸ್ತ್ರಿ ಒಂದು ಅಡಿಯೂ ಹೆಚ್ಚು ಬರೆದಿರಲಿಲ್ಲ. ಹದಿನೆಂಟು ಮೀಟರಿನ ದಾರಿಗೆ ಇಪ್ಪತ್ತೊಂಬತ್ತು ಮೀಟರ್ ಕೇಬಲ್ ನಿಜವಾಗಿಯೂ ಗೋಡೆಯೊಳಗಿತ್ತು. ಹಾಗಿದ್ದರೆ ಅದು ಎಲ್ಲೋ ಹೋಗಿ ಬಂದಿದೆ.

"ಅಕ್ಕಾ, ಈ ಪೆಟ್ಟಿಗೆ ಹಾಕಿಸಿದ್ದು ಹೇಗೆ? ಮೊದಲಿಂದ ಹೇಳಿ."

ಅವರು ನಿಟ್ಟುಸಿರು ಬಿಟ್ಟರು. "ಕಾರಿನ ಜೊತೆ ಪೆಟ್ಟಿಗೆ ಬಿಟ್ಟಿ ಅಂದ್ರು. ಇವರು ಖುಷಿಪಟ್ರು. ಬಿಟ್ಟಿ ಅಂದದ್ದು ಪೆಟ್ಟಿಗೆ ಮಾತ್ರ ಅಂತ ಗೊತ್ತಾದದ್ದು ಮೇಸ್ತ್ರಿ ಅಂದಾಜು ಪಟ್ಟಿ ಕೊಟ್ಟಾಗ. ಕೇಬಲ್ ಬೇರೆ, ಗೋಡೆ ಕೊರೆಯೋದು ಬೇರೆ, ಮಣ್ಣಲ್ಲಿ ಗುಂಡಿ ತೆಗೆದು ಅರ್ತಿಂಗ್ ಬೇರೆ, ಲೋಡ್ ಏರಿಸೋಕೆ ಬೇರೆ ಶುಲ್ಕ. ಸೋರಿಕೆ ಬ್ರೇಕರ್ ಅಂತ ಇನ್ನೊಂದು. ಶಾಕ್ ಹೊಡೆದ್ರೆ ತಾನೇ ಕರೆಂಟ್ ಕಿತ್ತು ಹಾಕುತ್ತೆ ಅಂದ. ಅದರ ಬೆಲೆ ಕೇಳಿ ಇವರು ಪೆನ್ನು ತಗೊಂಡು ಗೆರೆ ಎಳೆದುಬಿಟ್ರು."

"ಅವರೇ?"

"ಅವರ ಕೈಯಾರೆ." ಕಾರಿನ ಕಡೆ ಒಮ್ಮೆ ತಿರುಗಿ ನೋಡಿದರು. "ಕನ್ನಡಕದ ಅಂಗಡಿ ಇಟ್ಟವರು. ಒಂದು ಸ್ಕ್ರೂ ಸಡಿಲ ಆದ್ರೂ ಗಿರಾಕಿಗೆ ಬೈದು ಕಳಿಸ್ತಿದ್ರು."

"ಮೇಲಿನ ಮನೆಗೂ ಇದೇ ಮೀಟರಾ?"

"ಎರಡು ಅಡುಗೆಮನೆ, ಒಂದೇ ಮೀಟರ್. ಬಿಲ್ ಅರ್ಧರ್ಧ. ಕಾರು ಬರುತ್ತೆ ಅಂದ ದಿನವೇ ನನ್ನ ಓರಗಿತ್ತಿ ಮುಖ ಊದಿಸಿಕೊಂಡ್ಳು. ಕಾರು ನಿಮ್ಮದು, ಅದರ ಹೊಟ್ಟೆಗೆ ನಾವ್ಯಾಕೆ ಹಾಕಬೇಕು ಅಂತ. ಬೇರೆ ಮೀಟರ್ ಹಾಕಿಸೋಣ ಅಂದ್ರೆ ಅದರ ಖರ್ಚು ಇನ್ನೂ ದೊಡ್ಡದು. ಹಾಗೇ ಬಿಟ್ವಿ."

"ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡ್ತಿತ್ತಾ?"

"ಎಲ್ಲಿ! ಮನಸ್ಸು ಬಂದಾಗ ದೀಪ ಹತ್ತೋದು, ಇಲ್ಲದಿದ್ರೆ ಇಲ್ಲ. ಮೇಸ್ತ್ರಿನ ಎರಡು ಸಲ ಕರೆಸಿದ್ವಿ. ಏನು ಮಾಯವೋ, ಆ ಪೆಟ್ಟಿಗೆ ಮುಟ್ಟಲೂ ಇಲ್ಲ. ಮೇಲೆ ಹೋಗಿ ನೀರು ಕುಡಿದು ಬಂದ, ದೀಪ ಹತ್ತಿತು. ಒಂದು ರೂಪಾಯಿನೂ ತಗೊಳ್ಳಲಿಲ್ಲ. ಮೂರನೇ ಸಲ ಇವರೇ, 'ಅವನನ್ನ ಯಾಕೆ ಕರೀತೀಯ, ನಾನೇ ನೋಡ್ತೀನಿ' ಅಂತ ಸ್ಕ್ರೂಡ್ರೈವರ್ ತಗೊಂಡ್ರು."

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

"ನೀರು ನಿಮ್ಮ ಮನೇಲಿ ಕುಡೀಲಿಲ್ಲವಾ?"

ಅವರು ನನ್ನ ಮುಖ ನೋಡಿದರು. ಕೇಳಬಾರದ್ದನ್ನು ಕೇಳಿದೆನೋ ಎನ್ನಿಸಿತು. "ನಾನು ಕೊಡ್ತೀನಿ ಅಂದೆ. ಬೇಡ ಅಕ್ಕಾ, ಮೇಲೇ ಕುಡೀತೀನಿ ಅಂದ."

ಬೆಳಿಗ್ಗೆ ಲಾಕಪ್ಪಿನಲ್ಲಿ ಮೇಸ್ತ್ರಿ ನನ್ನೊಡನೆ ಆಡಿದ್ದು ಎರಡೇ ಮಾತು. ಎಷ್ಟು ಕೆದಕಿದರೂ, "ಮನೆಯೊಳಗಿನ ಮಾತು ಹೊರಗೆ ಹೇಳೋನಿಗೆ ನಾಳೆ ಯಾರು ಬಾಗಿಲು ತೆಗೀತಾರೆ ಮೇಡಂ?" ಎಂದರು. ನಾನು ಎದ್ದು ಹೊರಟಾಗ ನನಗಲ್ಲ, ಗೋಡೆಗೆ ಹೇಳಿದಂತೆ, "ಒಂದು ಚೀಟಿ ಅಂಟಿಸಬೇಕಿತ್ತು. ಅಂಟಿಸಲಿಲ್ಲ" ಎಂದರು. ಯಾವ ಚೀಟಿ ಎಂದರೆ ಬಾಯಿ ಬಿಡಲಿಲ್ಲ.

ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಟಾರ್ಚ್ ಹಿಡಿದು ಗೋಡೆಯ ಮೇಲೆ ಅಂಗೈ ಆಡಿಸಿದೆ. ಹೊಸ ಗಾರೆ ಕೈಗೆ ತಣ್ಣಗೆ, ನುಣ್ಣಗೆ ಸಿಗುತ್ತದೆ. ಕೇಬಲ್ ಅಡ್ಡಕ್ಕೆ ಹೋಗುವ ಪಟ್ಟಿ ಇತ್ತು. ಅದರಿಂದ ನೆಟ್ಟಗೆ ಮೇಲಕ್ಕೆ ಇನ್ನೊಂದು ಪಟ್ಟಿ ಏರಿತ್ತು, ಒಂದು ಪೈಪಿಗೆ ಬೇಕಾದ್ದಕ್ಕಿಂತ ಎರಡರಷ್ಟು ಅಗಲ. ಹೋಗಲು ಒಂದು ಪೈಪು, ಬರಲು ಒಂದು. ಐದೂವರೆ ಮೀಟರ್ ಮೇಲಕ್ಕೆ, ಐದೂವರೆ ಮೀಟರ್ ಕೆಳಕ್ಕೆ.

ಹನ್ನೊಂದು.

ಮೇಲಿನ ಮನೆಯ ಬಾಗಿಲು ತೆಗೆದದ್ದು ಚಿಕ್ಕಸೊಸೆ. ಕೈಯಲ್ಲಿ ಮಡಚಿದ ಅಂಗಿ, ಹಿಂದೆ ಬಿಸಿ ಇಸ್ತ್ರಿಯ ವಾಸನೆ.

"ಇವರು ಕ್ಲಿನಿಕ್ಕಲ್ಲಿದ್ದಾರೆ. ಹಲ್ಲು ಕೀಳೋದು ಮುಗಿಸಿ ಮೂರೂವರೆಗೆ ಬರ್ತಾರೆ."

"ಅವರು ಬರೋವರೆಗೆ ಗೋಡೆ ನೋಡ್ಲಾ?"

"ನೋಡಿ. ಕೆಳಗಿನ ಗೋಡೆ ಮುಗೀತಾ?"

ನಡುಮನೆಯ ಸೋಫಾದ ಮೂಲೆಯಲ್ಲಿ ಅವಳ ಅತ್ತೆ ಕೂತಿದ್ದರು. ದಪ್ಪ ಕನ್ನಡಕ, ಮಡಿಲಲ್ಲಿ ಖಾಲಿ ಕೈ. ಈ ತಾಯಿಯನ್ನು ಮಕ್ಕಳಿಬ್ಬರೂ ತಿಂಗಳ ಲೆಕ್ಕದಲ್ಲಿ ಹಂಚಿಕೊಂಡಿದ್ದರು. ಒಂದು ತಿಂಗಳು ಕೆಳಗೆ, ಒಂದು ತಿಂಗಳು ಮೇಲೆ. ಬದಲಾಗುವುದು ಒಂದನೇ ತಾರೀಖು. ಆ ಭಾನುವಾರ ಒಂದನೇ ತಾರೀಖು. ಬೆಳಿಗ್ಗೆ ಏಳಕ್ಕೇ ಅತ್ತೆಯ ಚೀಲ ಮೇಲೆ ಹೋಯಿತು ಎಂದು ಹಿರಿಸೊಸೆ ಹೇಳಿಕೆ ಕೊಟ್ಟಿದ್ದರು. ಮಧ್ಯಾಹ್ನದ ಮೇಲೆ ಬಂದರು ಎಂದು ಚಿಕ್ಕಸೊಸೆ. ಸಾವಿನ ಮನೆಯ ಗಾಬರಿಯಲ್ಲಿ ಗಡಿಯಾರ ಯಾರು ನೋಡುತ್ತಾರೆ ಎಂದು ನಾನು ಅದನ್ನು ಬಿಟ್ಟಿದ್ದೆ.

"ಯಾರದು? ಕರೆಂಟಿನವರಾ?" ಎಂದರು ಅಜ್ಜಿ. "ಪೆಟ್ಟಿಗೆ ಮತ್ತೆ ಕೆಟ್ಟಿತಾ?"

"ಅತ್ತೇ, ಸುಮ್ಮನಿರಿ," ಎಂದಳು ಸೊಸೆ. ಗದರಿಕೆಯೋ, ಗಾಬರಿಯೋ ತಿಳಿಯಲಿಲ್ಲ.

ಮೆಟ್ಟಿಲ ಗೋಡೆಯ ನೇರಕ್ಕೆ ಮೇಲೆ ಇದ್ದದ್ದು ಅಜ್ಜಿಯ ಕೋಣೆ. ಮಂಚ, ಇಸ್ತ್ರಿ ಮೇಜು, ಗೋಡೆಗೆ ಒತ್ತಿದ ಮರದ ಬೀರು. ಅಜ್ಜಿ ಮಲಗುವುದೂ ಅಲ್ಲೇ, ಸೊಸೆ ಇಸ್ತ್ರಿ ಮಾಡುವುದೂ ಅಲ್ಲೇ. ಬೀರಿನ ಬಾಗಿಲು ತೆಗೆದು ಸೀರೆಗಳನ್ನು ಸರಿಸಿದೆ. ಪರರ ಸೀರೆ ಮುಟ್ಟುವಾಗ ಕಳ್ಳಿಯಂತೆ ಅನ್ನಿಸಿತು. ಹಿಂಬದಿಯ ಪ್ಲೈವುಡ್ಡಿನಲ್ಲಿ ಅಂಗೈಯಗಲ ಒಂದು ಪುಟ್ಟ ಬಾಗಿಲು ಕೊರೆದಿತ್ತು.

ಕರವಸ್ತ್ರ ಹಿಡಿದು ತೆಗೆದೆ.

ಒಳಗೆ ಒಂದು ಸ್ವಿಚ್. ಜಾಗ ಸಾಲದೆ ಅಡ್ಡ ಮಲಗಿಸಿ ಕೂರಿಸಿದ್ದರು, ಹಾಗಾಗಿ ಎಡಕ್ಕೆ ತಳ್ಳಿದರೆ ಆನ್, ಬಲಕ್ಕೆ ತಳ್ಳಿದರೆ ಆಫ್. ಒಳಬರುವ ಕೇಬಲ್ಲಿನ ಮೇಲೆ ಮುನ್ನೂರ ಇಪ್ಪತ್ತೊಂಬತ್ತು, ಹೊರಹೋಗುವ ಕೇಬಲ್ಲಿನ ಮೇಲೆ ಮುನ್ನೂರ ಮೂವತ್ತು. ಸುತ್ತ ಧೂಳಿತ್ತು, ಹಿಡಿಯ ಮೇಲೆ ಮಾತ್ರ ಇರಲಿಲ್ಲ. ಎಡಬದಿಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದು ಚುಕ್ಕೆ.

ಹಿಡಿ ಎಡಕ್ಕಿತ್ತು.

ಎಲ್ಲವೂ ಅದರದರ ಜಾಗಕ್ಕೆ ಬಂದು ಕೂತಿತು. ಕೆಳಗಿನವರು ಎಷ್ಟು ಹೊತ್ತು ಕಾರಿಗೆ ಕರೆಂಟು ಹಾಕಬೇಕೆಂದು ಮೇಲಿನಿಂದ ಯಾರೋ ತೀರ್ಮಾನಿಸುತ್ತಿದ್ದರು. ಮೇಸ್ತ್ರಿ ಬಂದು ಮೇಲೆ 'ನೀರು ಕುಡಿದಾಗ' ದೀಪ ಹತ್ತುತ್ತಿತ್ತು. ಭಾನುವಾರ ದೀಪ ಆರಿತ್ತು. ಕರೆಂಟಿಲ್ಲವೆಂದು ನಂಬಿ ಹಿರಿಯಣ್ಣ ಮುಚ್ಚಳ ಬಿಚ್ಚಿದರು. ಕೈ ಒಳಗಿದ್ದಾಗ ಈ ಹಿಡಿ ಎಡಕ್ಕೆ ಹೋಯಿತು. ತಡೆಯಬೇಕಿದ್ದ ಸೋರಿಕೆ ಬ್ರೇಕರಿಗೆ ಅವರೇ ಗೆರೆ ಎಳೆದಿದ್ದರು.

ಚೀಟಿ ಯಾವುದೆಂದೂ ಈಗ ಗೊತ್ತಾಯಿತು. 'ಮೇಲೆ ಇನ್ನೊಂದು ಸ್ವಿಚ್ ಇದೆ' ಎಂದು ಕೆಳಗಿನ ಪೆಟ್ಟಿಗೆಯ ಮೇಲೆ ಅಂಟಿಸಬೇಕಾದ ಚೀಟಿ. ಗುಟ್ಟು ಎಂದು ಮಾತು ಕೊಟ್ಟವನು ಚೀಟಿ ಹೇಗೆ ಅಂಟಿಸುತ್ತಾನೆ?

ಪುಟ್ಟ ಬಾಗಿಲು ಮುಚ್ಚಿ, ಸೀರೆಗಳನ್ನು ಮೊದಲಿನಂತೆ ಜೋಡಿಸಿ ಕಾದೆ.

ಹಿರಿಯಣ್ಣನ ತಮ್ಮ, ಹಲ್ಲಿನ ಡಾಕ್ಟರು, ಬಂದಾಗ ಲವಂಗದ ಎಣ್ಣೆಯ ವಾಸನೆ ಮೊದಲು ಬಂತು. ಕಣ್ಣು ಕೆಂಪಾಗಿತ್ತು. ಅಣ್ಣ ಸತ್ತ ನಾಲ್ಕನೇ ದಿನವೇ ಕ್ಲಿನಿಕ್ ತೆಗೆದವರನ್ನು ಏನೆನ್ನಬೇಕೋ ತಿಳಿಯದು. ನಾನೂ ಅಪ್ಪ ಹೋದ ಮೂರನೇ ದಿನ ಪರೀಕ್ಷೆಗೆ ಕೂತವಳು.

"ಅಮ್ಮನ ಕೋಣೇಲಿ ಏನು ಕೆಲಸ ನಿಮಗೆ?"

"ಡಾಕ್ಟ್ರೇ, ಹನ್ನೊಂದು ಮೀಟರ್ ಸಿಕ್ಕಿತು."

"ಸಂತೋಷ. ಆ ಕಳ್ಳನ ಹತ್ರ ವಸೂಲಿ ಮಾಡಿ."

"ಅವರು ಕದ್ದಿಲ್ಲ. ಕೇಬಲ್ ಈ ಗೋಡೆಯೊಳಗಿದೆ. ಈ ಬೀರಿನ ಹಿಂದೆ ಒಂದು ಸ್ವಿಚ್ ಇದೆ, ಅದು ಕೆಳಗಿನ ಚಾರ್ಜರಿನದು."

ಅವರು ನಕ್ಕರು. "ಏನು ಮೇಡಂ, ಪತ್ತೇದಾರಿ ಕಾದಂಬರಿ ಓದ್ತೀರಾ?"

"ಭಾನುವಾರ ಎಂಟೂವರೆಗೆ ಯಾರೋ ಅದನ್ನ ಆನ್ ಮಾಡಿದ್ದಾರೆ."

ನಗು ತುಟಿಯ ಮೇಲೇ ಉಳಿಯಿತು, ಮುಖದಿಂದ ಹೋಯಿತು. ಗೊತ್ತಿದ್ದವರ ಮುಖ ಬಿಗಿಯುತ್ತದೆ. ಇವರದು ಸಡಿಲವಾಯಿತು, ಏನನ್ನೋ ಎಣಿಸುವಂತೆ. ಅವರ ಕಣ್ಣು ನನ್ನ ಹೆಗಲ ಮೇಲಿಂದ ಬಾಗಿಲಿಗೆ ಹೋಗಿ ಅಲ್ಲೇ ನಿಂತಿತು. ವಾಪಸ್ ಬಂದಾಗ ಅದು ಬೇರೆ ಮನುಷ್ಯರ ಕಣ್ಣಾಗಿತ್ತು.

"ನಾನೇ," ಎಂದರು.

"ಏನು?"

"ಸ್ವಿಚ್ ಹಾಕಿಸಿದ್ದು ನಾನು. ಆನ್ ಮಾಡಿದ್ದೂ ನಾನು. ಬರಕೊಳ್ಳಿ."

ಮೇಸ್ತ್ರಿಯ ಬಿಲ್ಲಿನ ಜೊತೆ ಪೊಲೀಸರು ಕೊಟ್ಟಿದ್ದ ಒಂದು ಕಾಗದವನ್ನು ನಾನು ಚೀಲದಿಂದ ತೆಗೆದೆ. "ಇದು ನಿಮ್ಮ ಕೈಬರಹ ಅಲ್ವಾ? ಅಣ್ಣ ತೀರಿಕೊಳ್ಳೋಕೆ ಒಂಬತ್ತು ದಿನ ಮೊದಲು ಮೇಸ್ತ್ರಿಗೆ ಬರೆದದ್ದು. ಹನ್ನೊಂದು ಮೀಟರ್ ಎಲ್ಲಿ ಹೋಯಿತು, ಲೆಕ್ಕ ಕೊಡಿ ಅಂತ. ಕೆಂಪು ಶಾಯಿಯಲ್ಲಿ ಎರಡು ಗೆರೆ. ಸ್ವಿಚ್ ಹಾಕಿಸಿದವರು ಹೀಗೆ ಕೇಳ್ತಾರಾ?"

"ಅನುಮಾನ ಬರಬಾರದು ಅಂತ ಬರೆದೆ."

"ಒಂಬತ್ತು ದಿನ ಮೊದಲೇ?"

"ಹೌದು. ಮೊದಲೇ."

"ಹಾಗಾದ್ರೆ ಒಂದೇ ಪ್ರಶ್ನೆ. ಆನ್ ಮಾಡೋಕೆ ಹಿಡಿಯನ್ನ ಯಾವ ಕಡೆ ತಳ್ಳಿದ್ರಿ?"

ಅವರು ಬೀರು ನೋಡಿದರು. ಬೀರು ಮುಚ್ಚಿತ್ತು. ಒಂದು ಕ್ಷಣ ಅವರ ಬೆರಳು ಗಾಳಿಯಲ್ಲಿ ಅಲ್ಲಾಡಿತು.

"ಮೇಲಕ್ಕೆ," ಎಂದರು. "ಇನ್ಯಾವ ಕಡೆ? ಮೇಲಕ್ಕೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅದನ್ನು ನೋಡಿಯೇ ಅವರಿಗೆ ತಪ್ಪಿದ್ದು ಗೊತ್ತಾಯಿತು. ಮಂಚದ ತುದಿಗೆ ಕುಸಿದು ಕೂತರು.

"ಮೇಡಂ, ನಿಮ್ಮ ಮೇಸ್ತ್ರಿ ಹೊರಗೆ ಬರಬೇಕು ಅಲ್ವಾ?"

"ಬರಬೇಕು."

"ನನ್ನ ಹೆಸರು ಬರೆದ್ರೆ ಬರ್ತಾನೆ. ನಿಮಗೂ ಸಾಕಾಗಿದೆ, ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ನನಗೂ ಸಾಕಾಗಿದೆ. ಒಂದು ಮೀಟರ್, ಅರ್ಧರ್ಧ ಬಿಲ್ಲು, ಅಮ್ಮನ ಚೀಲ ಮೇಲೆ ಕೆಳಗೆ... ಇಲ್ಲಿಗೆ ಮುಗಿಸಿಬಿಡಿ."

ಜೇಬಿನಿಂದ ಔಷಧಿ ಚೀಟಿಯ ಪುಸ್ತಕ ತೆಗೆದು ನಾಲ್ಕು ಸಾಲು ಬರೆದು, ಸಹಿ ಹಾಕಿ, ಹರಿದು ನನ್ನ ಕೈಗಿಟ್ಟರು. ಹಲ್ಲುನೋವಿಗೆ ಮಾತ್ರೆ ಬರೆದಷ್ಟೇ ಬೇಗ.

ಆಗ ತಿರುಗಿ ನೋಡಿದೆ. ಮೊದಲೇ ತಿರುಗಬೇಕಿತ್ತು.

ಬಾಗಿಲಲ್ಲಿ ಇಬ್ಬರೂ ಇದ್ದರು. ಮುಂದೆ ಚಿಕ್ಕಸೊಸೆ, ಮಡಚಿದ ಅಂಗಿಗಳನ್ನು ಎದೆಗೆ ಒತ್ತಿಕೊಂಡು. ಅವಳ ಉಗುರುಗಳ ಮೇಲೆ ಬಣ್ಣವಿರಲಿಲ್ಲ. ತೀರ ಈಚೆಗೆ ಒರೆಸಿದ ಹಾಗೆ ಅಂಚಿನಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ಅವಳ ಹಿಂದೆ, ಸೊಸೆಯ ಹೆಗಲು ಹಿಡಿದು ಅಜ್ಜಿ. ಗುರುತಿನ ಚುಕ್ಕೆ ಬೇಕಾಗುವುದು ಕಣ್ಣು ಮಂದವಾದವರಿಗೆ ತಾನೆ?

"ಕಾಫಿ ಮಾಡ್ಲಾ ಮೇಡಂ?" ಎಂದಳು ಸೊಸೆ. ದನಿ ನಡುಗಲಿಲ್ಲ.

"ಅವಳಿಗೆ ಸಕ್ಕರೆ ಎಷ್ಟು ಅಂತ ಕೇಳು," ಎಂದರು ಅಜ್ಜಿ.

ಫೋನ್ ಹೊಡೆದುಕೊಂಡಿತು. ನಮ್ಮ ಸಾಹೇಬರು. "ಏನಮ್ಮಾ, ಇನ್ನೂ ಅಲ್ಲೇ ಅಳೀತಾ ಕೂತಿದ್ದೀಯಾ? ಐದಕ್ಕೆ ನನ್ನ ಟೇಬಲ್ ಮೇಲೆ ಇರಬೇಕು. ಕಾರಣ ಅನ್ನೋ ಜಾಗ ಖಾಲಿ ಬಿಟ್ಟು ತರಬೇಡ, ಹೇಳಿದ್ದೀನಿ."

ಮೆಟ್ಟಿಲ ಮೇಲೆ ಕೂತು ವರದಿ ತೆಗೆದೆ. 'ಹನ್ನೊಂದು ಮೀಟರ್ ಹೆಚ್ಚು ಬರೆಯಲಾಗಿದೆ' ಎಂಬ ನನ್ನ ಸಾಲಿನ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಅಂಕಿಗಳನ್ನು ಬರೆದೆ: ಮುನ್ನೂರ ಹದಿನಾರು, ಮುನ್ನೂರ ನಲವತ್ತೈದು. ಸ್ವಿಚ್ ಇರುವ ಜಾಗ ಬರೆದೆ. ಸಹಿ ಹಾಕಿದೆ. ಮೇಸ್ತ್ರಿ ಕಳ್ಳನಲ್ಲ, ಅಷ್ಟು ಮಾತ್ರ ನನಗೆ ಖಂಡಿತ ಗೊತ್ತಿತ್ತು. ಆದರೆ ಅಂಟಿಸದ ಆ ಒಂದು ಚೀಟಿಗೇ ಪೊಲೀಸರು ಅವರನ್ನು ಒಳಗೆ ಇಟ್ಟುಕೊಳ್ಳಬಹುದು, ಬೇರೆ ಯಾರಾದರೂ ಸಿಗುವವರೆಗೆ. ಬೇರೆ ಯಾರೋ ನನ್ನ ಚೀಲದಲ್ಲಿದ್ದರು, ಔಷಧಿ ಚೀಟಿಯ ಮೇಲೆ, ಸಹಿ ಸಮೇತ. ಈ ಮನೆಯ ಹೊರಗೆ ಅದು ಸುಳ್ಳೆಂದು ಬಲ್ಲವಳು ನಾನೊಬ್ಬಳೇ.

ಉಳಿದದ್ದು ನನಗೆ ಗೊತ್ತಿಲ್ಲ. ಹಿಡಿಯನ್ನು ಎಡಕ್ಕೆ ತಳ್ಳಿದ ಕೈ ಯಾರದೆಂದು ಗೊತ್ತಿಲ್ಲ. ಎಂಟೂವರೆಗೆ ಅಜ್ಜಿ ಕೆಳಗಿದ್ದರೋ ಮೇಲಿದ್ದರೋ ಗೊತ್ತಿಲ್ಲ. ತಳ್ಳುವಾಗ ಕೆಳಗೆ ಯಾರ ಕೈ ಪೆಟ್ಟಿಗೆಯೊಳಗಿದೆಯೆಂದು ಅದಕ್ಕೆ ತಿಳಿದಿತ್ತೋ, ದಿನದಂತೆ ಒಂದು ಸ್ವಿಚ್ ಹಾಕಿತೋ, ಅದೂ ಗೊತ್ತಿಲ್ಲ. ಡಾಕ್ಟರು ಬಾಗಿಲ ಕಡೆ ನೋಡಿದ ಆ ಗಳಿಗೆಯಲ್ಲಿ ನೋಡಿದ್ದು ಹೆಂಡತಿಯನ್ನೋ ತಾಯಿಯನ್ನೋ, ನಾನು ತಿರುಗಿರಲಿಲ್ಲ. 'ಕಾರಣ' ಎಂಬಲ್ಲಿ ಪೆನ್ನಿನ ಮೊನೆ ಇಟ್ಟು ಕೂತಿದ್ದೆ. ಐದಕ್ಕೆ ಇಪ್ಪತ್ತು ನಿಮಿಷವಿತ್ತು.